ಕೀಳದೆ ಲಾವಂಚ ಗುರುತಿಸುವುದು ಹೇಗೆ?

(ಸಾಗರ ತಾಲ್ಲೂಕಿನ ಹಳ್ಳಿಯೊಂದರ ಕೆರೆ ದಂಡೆಯಲ್ಲಿ ಊರಿನವರು ಮತ್ತು ಶಾಲಾ ಮಕ್ಕಳ ಎದುರು ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಲಾವಂಚ ಗೊತ್ತಿಲ್ಲದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಬೇಸಿಗೆಯಲ್ಲಿ ಮಡಕೆಯ ನೀರಿಗೆ ಹಾಕುತ್ತೇವೆ. ಬಟ್ಟೆಯ ನಡುವೆ ಇಡುತ್ತೇವೆ. ದೇವರಿಗೆ ಹಾರ ಮಾಡುತ್ತೇವೆ. ಗ್ರಂಥಿಗೆ ಅಂಗಡಿಯಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ಕೆಲವರು ಮುಡಿವಾಳ ಅಂತಲೂ ಕರೆಯುತ್ತಾರೆ. ಆದರೆ ನಮಗೆ ಗೊತ್ತಿರುವುದು ಅದರ ಬೇರು ಮಾತ್ರ. ಆ ಬೇರಿನ ಮೇಲೆ ನಿಂತಿರುವ ಹುಲ್ಲನ್ನು ಈ ದಂಡೆಯಲ್ಲಿ ತೋರಿಸಿ ಅಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಎತ್ತರವಾಗಿ ಬೆಳೆದದ್ದಕ್ಕೆಲ್ಲ ಜೊಂಡು ಅಂತೇವೆ, ಅಲ್ಲಿಗೆ ಮುಗಿಯಿತು.

ಗೊತ್ತಿದೆ ಅನ್ನುವವರು ಮಾಡುವ ಪರೀಕ್ಷೆ ಒಂದೇ. ಬುಡಕ್ಕೆ ಗುದ್ದಲಿ ಹಾಕಿ, ಕಿತ್ತು, ಬೇರು ಮೂಸುವುದು. ಪರಿಮಳ ಬಂದರೆ ಲಾವಂಚ, ಬರದಿದ್ದರೆ ಎಸೆದರಾಯಿತು. ಈ ಪರೀಕ್ಷೆ ಮಾಡಬೇಡಿ ಅಂತ ಕೇಳಿಕೊಳ್ಳಲಿಕ್ಕೇ ಇವತ್ತು ಬಂದಿದ್ದೇನೆ. ಇದರಲ್ಲಿ ಲಾವಂಚವಾದರೂ ಹುಲ್ಲು ಹೋಯಿತು, ಅಲ್ಲದಿದ್ದರೂ ಹೋಯಿತು. ದಂಡೆಯಲ್ಲಿ ಒಂದು ಗುಂಡಿ ಉಳಿಯಿತು. ನಮ್ಮ ಮಳೆಗೆ ಅಂಥ ಗುಂಡಿ ಸಾಕು, ಮುಂದಿನ ಆಷಾಢದಲ್ಲಿ ಅಲ್ಲಿಂದಲೇ ಧರೆ ಜಾರಲು ಶುರುವಾಗುತ್ತದೆ. ಕೀಳದೆ, ನಿಂತ ಹಾಗೇ ಲಾವಂಚವನ್ನು ಗುರುತಿಸಬಹುದು. ಅದಕ್ಕೆ ಬೇಕಾದ್ದು ಎರಡು ಬೆರಳು, ಸ್ವಲ್ಪ ತಾಳ್ಮೆ. ಜೇಬಿನಲ್ಲಿ ಒಂದು ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು.

ಮೊದಲು ಇದು ಯಾವ ಕುಲದ್ದು ಅಂತ ಹೇಳಿಬಿಡುತ್ತೇನೆ. ಜೋಳ, ಕಬ್ಬು, ಮೆಕ್ಕೆಜೋಳ ಯಾವ ಬಳಗದವೋ ಲಾವಂಚವೂ ಅದೇ ಬಳಗದ್ದು. ವೈಜ್ಞಾನಿಕ ಹೆಸರು ಕ್ರೈಸೊಪೋಗನ್ ಜಿಜಾನಿಯಾಯ್ಡಿಸ್. 1771ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಬೇರೆ ಕುಲದಲ್ಲಿಟ್ಟು ಹೆಸರು ಕೊಟ್ಟಿದ್ದ. 1903ರಲ್ಲಿ ಅದು ವೆಟಿವೇರಿಯಾ ಆಯಿತು. 1960ರಲ್ಲಿ ಈಗಿನ ಹೆಸರು ಬಂತು. ಹಳೆಯ ಪುಸ್ತಕಗಳಲ್ಲಿ ವೆಟಿವೇರಿಯಾ ಅಂತ ಕಂಡರೆ ಗೊಂದಲ ಬೇಡ, ಎರಡೂ ಒಂದೇ ಹುಲ್ಲು. ಹೊರಗಿನಿಂದ ತಂದದ್ದಲ್ಲ, ನಮ್ಮದೇ ನೆಲದ್ದು. ಒಂದು ಮಳೆಗಾಲಕ್ಕೆ ಮುಗಿದುಹೋಗುವುದೂ ಅಲ್ಲ. ವರ್ಷಗಟ್ಟಲೆ ಅದೇ ಬುಡದಿಂದ ಚಿಗುರುತ್ತಾ ಇರುತ್ತದೆ. ಬೇಸಿಗೆಯಲ್ಲಿ ಬೆಂಕಿ ಬಿದ್ದು ಮೇಲಿನದೆಲ್ಲ ಸುಟ್ಟರೂ ಬುಡ ಸಾಯುವುದಿಲ್ಲ. ಚಿಗುರುವ ಜಾಗ ಮಣ್ಣಿನ ಮಟ್ಟಕ್ಕೇ ಇರುವುದರಿಂದ ಬೆಂಕಿಯ ಬಿಸಿ ಅಲ್ಲಿಗೆ ಅಷ್ಟಾಗಿ ತಟ್ಟುವುದಿಲ್ಲ.

ಎಲ್ಲಿ ಹುಡುಕಬೇಕು? ಹೊಳೆ ದಂಡೆ, ಹಳ್ಳದ ಬದಿ, ಕೆರೆಯ ಅಂಚು, ಕೋಡಿ ನೀರು ಹರಿಯುವ ಜಾಗ, ಸದಾ ಜೌಗು ಇರುವ ತಗ್ಗು. ನೀರು ನಿಂತರೂ ತಡೆಯುತ್ತದೆ, ಬೇಸಿಗೆಯಲ್ಲಿ ನೆಲ ಬಿರಿದರೂ ತಡೆಯುತ್ತದೆ. ಮಲೆನಾಡಿನ ದಂಡೆಗೆ ಇಂಥ ಹುಲ್ಲೇ ಬೇಕು, ಏಕೆಂದರೆ ಇಲ್ಲಿ ನಾಲ್ಕು ತಿಂಗಳು ಮುಳುಗಡೆ, ನಾಲ್ಕು ತಿಂಗಳು ಒಣ. ಅದು ತಡೆಯದ್ದು ನೆರಳು. ದಟ್ಟ ಮರದ ಕೆಳಗೆ, ವಾಟೆ ಮೆಳೆಯ ಒಳಗೆ ಹುಡುಕಬೇಡಿ. ಬಿಸಿಲು ಬೀಳುವ ತೆರೆದ ದಂಡೆ ನೋಡಿ.

ಈಗ ಈ ಮೇಜಿನ ಮೇಲಿನ ಕಟ್ಟುಗಳು. ಇವನ್ನು ಇವತ್ತು ಬೆಳಿಗ್ಗೆ ಇದೇ ದಂಡೆಯಿಂದ ಮತ್ತು ಅಕ್ಕಪಕ್ಕದ ಮನೆಗಳ ಹಿತ್ತಿಲಿನಿಂದ ತಂದಿದ್ದೇವೆ. ಬೇರು ತೆಗೆದಿಲ್ಲ, ಮೇಲಿನದನ್ನಷ್ಟೇ ಕೊಯ್ದದ್ದು.

ಮೊದಲನೆಯದನ್ನು ಬೇಗ ಮುಗಿಸೋಣ. ಇದು ಆಪು. ಇದರ ತುದಿಗೆ ಕಂದು ಬಣ್ಣದ, ಉರುಳೆಯಂಥ ಉದ್ದನೆಯ ತೆನೆ ಬರುತ್ತದೆ, ಎಲೆ ದಪ್ಪ, ಒಳಗೆ ಮೆತ್ತಗೆ. ಇದು ಹುಲ್ಲಿನ ಕುಟುಂಬದ್ದೇ ಅಲ್ಲ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಎರಡನೆಯದು ಜೇಕು. ಚಾಪೆ ಹೆಣೆಯುವ ಹುಲ್ಲು, ಗದ್ದೆಯಲ್ಲಿ ಕಾಡುವ ತುಂಗೆ ಗಡ್ಡೆ, ಎಲ್ಲ ಈ ಬಳಗದವು. ಇವೂ ಹುಲ್ಲಲ್ಲ. ಕಾಂಡವನ್ನು ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿ. ಮೂರು ಮೂಲೆ ಕೈಗೆ ಸಿಕ್ಕರೆ ಜೇಕು. ಕೆಲವು ಜೇಕುಗಳ ಕಾಂಡ ದುಂಡಗಿರುತ್ತದೆ. ಆಗ ಗೆಣ್ಣು ನೋಡಿ. ಹುಲ್ಲಿನ ಕಾಂಡದಲ್ಲಿ ಕಬ್ಬಿನಲ್ಲಿರುವಂಥ ಗೆಣ್ಣು ಇರುತ್ತದೆ, ಜೇಕಿನದು ಬುಡದಿಂದ ತೆನೆಯವರೆಗೆ ಸಾಮಾನ್ಯವಾಗಿ ನುಣ್ಣಗೆ. ಇನ್ನೊಂದು, ಹುಲ್ಲಿನ ಎಲೆಗಳು ಎರಡು ಸಾಲಿನಲ್ಲಿ ಬರುತ್ತವೆ, ಜೇಕಿನವು ಮೂರು ಸಾಲಿನಲ್ಲಿ. ಮಕ್ಕಳೇ, ಇದನ್ನು ಮೇಲಿನಿಂದ ನೋಡಿ, ಚೆನ್ನಾಗಿ ಕಾಣುತ್ತದೆ.

ಹಾಗಾದರೆ ಗೆಣ್ಣು ಇದೆ, ಎಲೆ ಎರಡೇ ಸಾಲು, ಎತ್ತರ ಇದೆ, ನೀರಿನ ಅಂಚಿನಲ್ಲಿದೆ. ಇಷ್ಟಾದರೆ ಲಾವಂಚವೇ? ಇಲ್ಲ. ಇಲ್ಲಿಂದಲೇ ನಿಜವಾದ ಕೆಲಸ ಶುರು.

ಈ ಕಟ್ಟು ಪಾರಾ ಹುಲ್ಲು. ಮೇವಿಗೆ ಅಂತ ಹೊರದೇಶದಿಂದ ಬಂದದ್ದು, ಈಗ ಕೆರೆಗಳಲ್ಲಿ ತಾನೇ ಹಬ್ಬಿದೆ. ಇದರ ಗೆಣ್ಣು ಮುಟ್ಟಿ ನೋಡಿ. ಬಿಳಿ ರೋಮ ತುಂಬಿದೆ ಅಲ್ವಾ? ಕಾಂಡ ನೆಲದ ಮೇಲೆ, ನೀರಿನ ಮೇಲೆ ಮಲಗಿ ಹರಿದು ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಲಾವಂಚ ಹೀಗೆ ಹರಿದಾಡುವುದಿಲ್ಲ. ಬಿಟ್ಟ ಜಾಗದಲ್ಲೇ ಬುಡ ದಪ್ಪ ಮಾಡಿಕೊಂಡು ನಿಲ್ಲುತ್ತದೆ. ಒಂದು ಬುಡಕ್ಕೂ ಇನ್ನೊಂದಕ್ಕೂ ನಡುವೆ ನೆಲ ಕಾಣುತ್ತದೆ.

ಇದು ಕಾಸೆ ಹುಲ್ಲು. ತುಂಬಾ ಜನ ಲಾವಂಚ ಅಂದುಕೊಳ್ಳುವುದು ಇದನ್ನೇ. ಮಳೆ ಕಡಿಮೆಯಾಗುತ್ತಿದ್ದಂತೆ ಹೊಳೆ ದಂಡೆಯಲ್ಲಿ ಬೆಳ್ಳಗೆ ರೇಷ್ಮೆಯಂಥ ತೆನೆ ಬಿಡುತ್ತದೆ. ತೆನೆ ಇದ್ದಾಗ ತಪ್ಪುವ ಮಾತೇ ಇಲ್ಲ. ಇಲ್ಲದಾಗ ಎಲೆಯ ನಡುನರ ನೋಡಿ, ದಪ್ಪಗೆ ಬೆಳ್ಳಗೆ ಎದ್ದು ಕಾಣುತ್ತದೆ. ಕಾಸೆ ಮಣ್ಣಿನೊಳಗೆ ಅಡ್ಡ ಕಾಂಡ ಬಿಟ್ಟು ದೂರ ದೂರಕ್ಕೆ ಹೋಗುತ್ತದೆ. ಹಾಗಾಗಿ ಒಂದು ಬುಡ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರು ಅಂತ ಹೇಳುವುದೇ ಕಷ್ಟ.

ಆಳೆತ್ತರ ಮೀರಿ ಬೆಳೆದು, ಕೋಲಿನುದ್ದಕ್ಕೂ ಎರಡು ಮೂರು ಸೆಂಟಿಮೀಟರ್ ಅಗಲದ ಎಲೆ ಬಿಟ್ಟಿರುವುದು ಫ್ರಾಗ್ಮೈಟಿಸ್ ಅನ್ನುವ ಇನ್ನೊಂದು ಹುಲ್ಲು. ಲಾವಂಚದ ಎಲೆ ಅಷ್ಟು ಅಗಲ ಆಗುವುದಿಲ್ಲ, ಒಂದು ಸೆಂಟಿಮೀಟರ್ ದಾಟುವುದು ಅಪರೂಪ. ಎಲೆಗಳಲ್ಲಿ ಹೆಚ್ಚಿನವು ಬುಡದಿಂದಲೇ ಏಳುತ್ತವೆ.

ಹಿಂದೆ ಕೂತವರೊಬ್ಬರು ಕೇಳಿದರು: “ಮಜ್ಜಿಗೆ ಹುಲ್ಲೂ ಹೀಗೇ ಬುಡ ಕಟ್ಟುತ್ತದಲ್ವಾ?” ಹೌದು, ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಎಲೆ ಹರಿದು ಉಜ್ಜಿ ಮೂಸಿ. ಮಜ್ಜಿಗೆ ಹುಲ್ಲಿನ ಪರಿಮಳ ಎಲೆಯಲ್ಲೇ ಇದೆ, ನಿಂಬೆಯ ವಾಸನೆ ತಕ್ಷಣ ಬರುತ್ತದೆ. ಲಾವಂಚದ ಎಲೆಯನ್ನು ಎಷ್ಟು ಉಜ್ಜಿದರೂ ಬರೀ ಹಸಿ ಹುಲ್ಲಿನ ವಾಸನೆ. ಅದರ ಪರಿಮಳವೆಲ್ಲ ಬೇರಿನಲ್ಲಿ.

ಇನ್ನೊಬ್ಬರು ದರ್ಭೆಯ ವಿಷಯ ಕೇಳಿದರು. ದರ್ಭೆಯೂ ಬಹುವಾರ್ಷಿಕ ಹುಲ್ಲೇ, ಎಲೆಯೂ ಬಿರುಸು. ಆದರೆ ಅದೂ ನೆಲದೊಳಗೆ ಅಡ್ಡ ಕಾಂಡ ಬಿಟ್ಟು ಹರಡುವ ಜಾತಿ, ಪರಿಮಳದ ಬೇರಿಲ್ಲ. ದರ್ಭೆ ಅಂದಾಗ ನನಗೆ ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ನೆನಪಾಗುತ್ತದೆ. ಕದಂಬರ ದೊರೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ವಿಷಯ ಅದರಲ್ಲಿದೆ. ದರ್ಭೆ ಹಿಡಿದು ಪಳಗಿದ್ದ ಕೈಯಲ್ಲಿ ಮಯೂರಶರ್ಮ ಕತ್ತಿ ಹಿಡಿದ ಕಥೆಯೂ ಅದರಲ್ಲೇ ಇದೆ. ನಮ್ಮ ಸೀಮೆಯಲ್ಲಿ ಕೆರೆಯೂ ಹುಲ್ಲೂ ಒಂದೇ ಕಲ್ಲಿನಲ್ಲಿ ದಾಖಲಾಗಿವೆ ಅನ್ನುವುದು ನನಗೆ ತುಂಬಾ ಇಷ್ಟದ ಸಂಗತಿ.

ಸರಿ, ಈಗ ಲಾವಂಚಕ್ಕೆ ಬರೋಣ. ದಯವಿಟ್ಟು ಎಲ್ಲರೂ ಹತ್ತಿರ ಬನ್ನಿ.

ಎತ್ತರ ನೋಡಬೇಡಿ, ಬುಡ ನೋಡಿ. ಎತ್ತರ ನಂಬುವ ಗುರುತಲ್ಲ. ದನ ಮೇಯ್ದಿರಬಹುದು, ಯಾರೋ ಕೊಯ್ದಿರಬಹುದು, ಮಣ್ಣು ಬಡವಾಗಿರಬಹುದು. ಚೆನ್ನಾಗಿ ಬೆಳೆದ ಬುಡದ ಎಲೆಗಳು ಒಂದೂವರೆ ಮೀಟರ್‌ವರೆಗೆ ಏಳುತ್ತವೆ. ಮೇಯ್ದ ಕೆರೆ ಅಂಗಳದಲ್ಲಿ ಅದೇ ಹುಲ್ಲು ಮೊಣಕಾಲೆತ್ತರವೂ ಇರಲಿಕ್ಕಿಲ್ಲ. ಬುಡ ಮಾತ್ರ ಎರಡು ಕಡೆಯೂ ಒಂದೇ.

ಒಣಗಿದ ಎಲೆಗಳನ್ನು ಪಕ್ಕಕ್ಕೆ ಸರಿಸಿ, ಬುಡದಿಂದ ಎದ್ದ ಒಂದು ಕವಲನ್ನು ನೆಲದ ಹತ್ತಿರ ಎರಡು ಬೆರಳಲ್ಲಿ ಹಿಡಿಯಿರಿ. ಕೈ ಹಾಕುವ ಮೊದಲು ಕೋಲಿನಿಂದ ಬುಡ ತಟ್ಟಿ, ಹಾವು ಇರಬಹುದು. ಏನು ಸಿಗುತ್ತದೆ? ದುಂಡಗಿಲ್ಲ, ಚಪ್ಪಟೆ. ಪ್ರತಿ ಎಲೆಯ ಬುಡವೂ ಉದ್ದಕ್ಕೆ ಮಡಚಿಕೊಂಡಿದೆ. ಹೊರಗಿನ ಎಲೆಯ ಮಡಿಕೆಯೊಳಗೆ ಒಳಗಿನ ಎಲೆ, ಅದರೊಳಗೆ ಮತ್ತೊಂದು, ಎಡಕ್ಕೊಂದು ಬಲಕ್ಕೊಂದು. ಎಲ್ಲ ಸೇರಿ ಅರ್ಧ ಬಿಚ್ಚಿದ ಬೀಸಣಿಗೆಯ ಹಾಗೆ ಒಂದೇ ಮಟ್ಟದಲ್ಲಿ ಹರಡಿಕೊಂಡಿವೆ. ಲಾವಂಚಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ನಂಬುವ ಗುರುತು ಇದು. ವರ್ಷದ ಯಾವ ತಿಂಗಳಲ್ಲೂ ಸಿಗುತ್ತದೆ. ತೆನೆ ಬೇಡ, ಬೇರು ಬೇಡ, ಕಣ್ಣೂ ಅಷ್ಟಾಗಿ ಬೇಡ. ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ. ಈಗ ಈ ಕಾಸೆಯ ಬುಡ ಹಿಡಿದು ನೋಡಿ. ದುಂಡಗಿದೆ. ಮತ್ತೆ ಲಾವಂಚ. ಚಪ್ಪಟೆ. ಕೈಯಿಂದ ಕೈಗೆ ದಾಟಿಸಿ, ಅವಸರ ಇಲ್ಲ.

ಬುಡದಲ್ಲೇ ಇನ್ನೊಂದು ವಿಷಯ ಸಿಗುತ್ತದೆ. ಹಳೆಯ ಎಲೆಗಳ ಒಣ ಕವಚ ಪದರ ಪದರವಾಗಿ ಉಳಿದಿರುತ್ತದೆ. ಒಂದೇ ವರ್ಷದ ಹುಲ್ಲಿಗೆ ಈ ಹಳೆಯ ಸರಕು ಇರುವುದಿಲ್ಲ, ಮೆಲ್ಲಗೆ ಎಳೆದರೂ ಬೇರುಸಹಿತ ಬರುತ್ತದೆ. ಇದನ್ನು ಎಳೆದರೆ ನಮ್ಮ ಕೈಯೇ ನೋಯುತ್ತದೆ.

ಬುಡ ಆಯಿತು, ಇನ್ನು ಎಲೆ. ತುದಿಯಿಂದ ಬುಡದ ಕಡೆಗೆ ಅಂಚಿನ ಮೇಲೆ ಬೆರಳು ಎಳೆಯಿರಿ, ಆದರೆ ಹಗುರಕ್ಕೆ. ಗರಗರ ಅನ್ನುತ್ತದೆ. ಬುಡದಿಂದ ತುದಿಗೆ ಎಳೆದರೆ ಅಷ್ಟು ಗೊತ್ತಾಗುವುದಿಲ್ಲ. ಅಂಚಿನ ಸಣ್ಣ ಹಲ್ಲುಗಳು ತುದಿಯ ಕಡೆಗೆ ಮುಖ ಮಾಡಿವೆ. ಎಲೆಯ ಮೇಲೆ ರೋಮ ಇಲ್ಲ. ಎಲೆ ಎಳೆಯದಾಗಿದ್ದಾಗ ದನ ತಿನ್ನುತ್ತದೆ, ಬಲಿತ ಮೇಲೆ ಅಷ್ಟಾಗಿ ಮುಟ್ಟುವುದಿಲ್ಲ. ಹೀಗಾಗಿ ಬೇಸಿಗೆಯಲ್ಲಿ ಮೇಯ್ದು ಬೋಳಾದ ಕೆರೆಯಂಗಳದಲ್ಲಿ ಅಲ್ಲಲ್ಲಿ ಮುಟ್ಟದೆ ಬಿಟ್ಟ ಬುಡಗಳು ಕಂಡರೆ ಅತ್ತ ಹೋಗಿ ನೋಡಿ.

ಎಲೆ ಕಾಂಡ ಬಿಟ್ಟು ಹೊರಗೆ ಬಾಗುವ ಸಂದಿಯಲ್ಲಿ ಒಂದು ಸಣ್ಣ ಅಂಗ ಇದೆ. ಸಸ್ಯಶಾಸ್ತ್ರದವರು ಲಿಗ್ಯೂಲ್ ಅನ್ನುತ್ತಾರೆ, ನಾವು ಎಲೆ ನಾಲಿಗೆ ಅನ್ನೋಣ. ಎಲೆಯನ್ನು ಹಿಂದಕ್ಕೆ ಬಗ್ಗಿಸಿ ಭೂತಗನ್ನಡಿಯಲ್ಲಿ ನೋಡಿ. ಲಾವಂಚದಲ್ಲಿ ಅದು ಇದೆಯೋ ಇಲ್ಲವೋ ಅನ್ನುವಷ್ಟು ಕಿರಿದು, ಸಣ್ಣ ರೋಮದ ಅಂಚು ಮಾತ್ರ. ಕಾಸೆಯಲ್ಲಿ ಬರಿಗಣ್ಣಿಗೇ ಕಾಣುವ ಪೊರೆ ಇರುತ್ತದೆ. ಹುಲ್ಲು ಗುರುತಿಸುವ ಕೆಲಸದಲ್ಲಿ ಈ ನಾಲಿಗೆಯನ್ನು ಯಾರೂ ಬಿಡಬಾರದು. ಇದು ಮೇಯ್ದರೂ ಕೊಯ್ದರೂ ಬದಲಾಗುವುದಿಲ್ಲ.

ತೆನೆ ಸಿಕ್ಕರೆ ಅನುಮಾನವೇ ಉಳಿಯುವುದಿಲ್ಲ. ಮಳೆಗಾಲ ಇಳಿದು ದಸರಾ, ದೀಪಾವಳಿ ಹೊತ್ತಿಗೆ ಎಲೆಗಳ ಮೇಲೆ ನೆಟ್ಟಗೆ ಕಡ್ಡಿ ಏಳುತ್ತದೆ. ಅದರ ತುದಿಯಲ್ಲಿ ಒಂದು ಗೇಣಿಗೂ ಉದ್ದದ ತೆನೆ. ತೆಳ್ಳನೆಯ ಎಳೆಗಳು ಕಡ್ಡಿಯ ಸುತ್ತ ಒಂದೊಂದು ಮಟ್ಟದಲ್ಲಿ ಸುತ್ತು ಸುತ್ತಾಗಿ ಹೊರಡುತ್ತವೆ. ಬಣ್ಣ ನೇರಳೆ ಕಡೆಗೆ. ಬೆಳ್ಳಗೆ ರೇಷ್ಮೆ ಇಲ್ಲ. ಎಳೆಗಳ ಮೇಲೆ ಕಿರುತೆನೆಗಳು ಜೋಡಿ ಜೋಡಿಯಾಗಿ ಕೂತಿರುತ್ತವೆ. ಒಂದಕ್ಕೆ ತೊಟ್ಟಿಲ್ಲ, ಅದರ ಜೊತೆಯದಕ್ಕೆ ತೊಟ್ಟಿದೆ. ತೊಟ್ಟಿಲ್ಲದ್ದರ ಹೊರಮೈ ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ಮುಳ್ಳು ಕಾಣುತ್ತವೆ. ಮೊದಲ ಸಲ ಅದನ್ನು ನೋಡಿದವರ ಮುಖ ಅರಳುವುದನ್ನು ನೋಡುವುದೇ ನನಗೆ ಖುಷಿ. ಇದೇ ಕುಲದ ಇನ್ನೊಂದು ಹುಲ್ಲು ನಮ್ಮ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ನಡೆದಾಗ ಪಂಚೆಗೆ ಚುಚ್ಚಿಕೊಂಡು ಮನೆವರೆಗೂ ಬರುತ್ತದೆ. ಲಾವಂಚ ಹಾಗೆ ಅಂಟುವುದಿಲ್ಲ, ಅದಕ್ಕೆ ಅಂಥ ಉದ್ದನೆಯ ಮುಳ್ಳಿಲ್ಲ.

ಇಷ್ಟಾದ ಮೇಲೂ ಮೂಸಲೇಬೇಕು ಅನ್ನಿಸಿದರೆ ಹೀಗೆ ಮಾಡಿ. ಬುಡದ ಒಂದು ಬದಿಯಲ್ಲಿ ಬೆರಳಿನಷ್ಟು ಮಣ್ಣು ಸರಿಸಿ. ಒಂದೇ ಒಂದು ಎಳೆ ಬೇರು ಕತ್ತರಿಸಿ, ಮಣ್ಣು ಮತ್ತೆ ಒತ್ತಿ. ಬೇರನ್ನು ತೊಳೆದು ನೆರಳಲ್ಲಿ ಒಣಗಿಸಿ, ಆಮೇಲೆ ನೀರು ಚಿಮುಕಿಸಿ. ಹಸಿ ಬೇರಿನಲ್ಲಿ ಕೆಸರಿನ ವಾಸನೆ ಸೇರಿಕೊಂಡಿರುತ್ತದೆ, ಒಣಗಿಸಿದರೆ ಪರಿಮಳ ಸ್ಪಷ್ಟ.

ಆ ಬೇರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನಾನು ಯಾಕೆ ಇಷ್ಟು ಬೇಡಿಕೊಳ್ಳುತ್ತಿದ್ದೇನೆ ಅಂತ ಗೊತ್ತಾಗುವುದಿಲ್ಲ. ಒಳ್ಳೆಯ ಮಣ್ಣಿನಲ್ಲಿ ಲಾವಂಚದ ಬೇರು 3 ಮೀಟರ್ ಆಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಹರಡುವುದು ಕಡಿಮೆ, ನೇರ ಕೆಳಕ್ಕೆ ಇಳಿಯುತ್ತದೆ. ಅದರ ಎಳೆತ ತಡೆಯುವ ಶಕ್ತಿಯನ್ನು ಅಳೆದವರು ಸರಾಸರಿ 75 ಮೆಗಾಪಾಸ್ಕಲ್ ಅಂತ ಕಂಡಿದ್ದಾರೆ, ಅಂದರೆ ಮೆದು ಉಕ್ಕಿನ ಸುಮಾರು ಆರನೇ ಒಂದು ಪಾಲು. ಮೇಲೆ, ಒತ್ತಾಗಿ ನಿಂತ ಕವಲುಗಳು ಹರಿದು ಬರುವ ನೀರಿನ ವೇಗ ಮುರಿಯುತ್ತವೆ. ನೀರು ದಾಟಿಹೋಗುತ್ತದೆ, ಮಣ್ಣು ಹಿಂದೆ ಉಳಿಯುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಭಾರತದಲ್ಲಿ ಈ ಹುಲ್ಲಿನ ಸಾಲುಗಳನ್ನು ಮಣ್ಣು ಉಳಿಸಲು ಪ್ರಚಾರ ಮಾಡಿದರು. ಅದಕ್ಕೆ ಬಹಳ ಮೊದಲೇ ನಮ್ಮ ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗೆ ಲಾವಂಚ ನೆಟ್ಟುಕೊಂಡಿದ್ದರು. ನಮ್ಮ ರೈತರಿಗೆ ಗೊತ್ತಿದ್ದ ವಿದ್ಯೆಯೇ ಆಮೇಲೆ ದೇಶ ದೇಶಗಳಿಗೆ ಹೋಯಿತು.

ಈಗ ನಮ್ಮಲ್ಲಿ ನಡೆಯುತ್ತಿರುವುದು ನೋಡಿ. ಕೆರೆ ಅಭಿವೃದ್ಧಿ ಅಂದರೆ ಮೊದಲು ಯಂತ್ರ ತಂದು ದಂಡೆ ಕೆರೆಯುತ್ತಾರೆ. ಹೂಳು ತೆಗೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೂಳು ಇರುವುದು ಕೆರೆಯ ಹೊಟ್ಟೆಯಲ್ಲಿ, ದಂಡೆಯಲ್ಲಲ್ಲ. ದಂಡೆಯ ಹುಲ್ಲು ಕೆರೆದು ಬೋಳು ಮಾಡಿದರೆ ಮೊದಲ ಮಳೆಗೇ ಆ ಮಣ್ಣು ಕೆರೆಗೆ ಇಳಿಯುತ್ತದೆ. ಹಣ ಕೊಟ್ಟು ತೆಗೆಸಿದ ಹೂಳಿನ ಜಾಗಕ್ಕೆ ಹೊಸ ಹೂಳು ತುಂಬುತ್ತದೆ. ಬೋಳು ದಂಡೆ ನೋಡಲು ಚೊಕ್ಕಟ ಅನ್ನಿಸಬಹುದು. ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಅಂಥ ನೆರೆಯನ್ನು ಹುಲ್ಲು ನಿಲ್ಲಿಸುತ್ತದೆ ಅಂತ ನಾನು ಹೇಳುವುದಿಲ್ಲ. ಪ್ರತಿ ವರ್ಷ ಬರುವ ಸಾಮಾನ್ಯ ಮಳೆಯಲ್ಲಿ ಹಳ್ಳದ ಬದಿ, ಕೆರೆಯ ಏರಿ ಕರಗುವುದನ್ನು ಖಂಡಿತ ತಡೆಯುತ್ತದೆ. ಯಂತ್ರ ಓಡಿಸುವವರಿಗೆ ಯಾವ ಬುಡ ಬಿಡಬೇಕು ಅಂತ ತೋರಿಸುವವರು ಊರಲ್ಲಿ ಒಬ್ಬರಾದರೂ ಇರಬೇಕು. ಅದಕ್ಕೇ ಗುರುತು ಬೇಕು.

ಪ್ರಶ್ನೆಗಳು ಬರಲಿ.

“ಇಲ್ಲಿರುವುದು ತಾನಾಗಿ ಬೆಳೆದದ್ದಾ, ಯಾರೋ ನೆಟ್ಟದ್ದಾ?” ಒಳ್ಳೆಯ ಪ್ರಶ್ನೆ. ಬೇರಿಗಾಗಿ ಬೆಳೆಸುವ ದಕ್ಷಿಣದ ತಳಿಗಳು ಬೀಜ ಕಟ್ಟುವುದು ಬಹಳ ಕಡಿಮೆ. ಕವಲು ಒಡೆದು ನೆಟ್ಟರೆ ಮಾತ್ರ ಹೆಚ್ಚುತ್ತವೆ. ಹಾಗಾಗಿ ಬದುವಿನ ಮೇಲೆ ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ ಇದ್ದರೆ ನೆಟ್ಟದ್ದು. ಕೆರೆಯ ಹಿಂಭಾಗದ ಜೌಗಿನಲ್ಲಿ ಚದುರಿ ನಿಂತಿದ್ದರೆ, ಹತ್ತಿರ ಹಳೆಯ ಮನೆ, ತೋಟ ಇಲ್ಲದಿದ್ದರೆ, ಕಾಡು ಬುಡ ಇರುವ ಸಾಧ್ಯತೆ ಜಾಸ್ತಿ. ಅಂಥದ್ದನ್ನಂತೂ ಮುಟ್ಟಲೇಬೇಡಿ.

“ಅಡಿಕೆ ತೋಟದ ಬಸಿಗಾಲುವೆ ಬದಿಗೆ ಹಾಕಬಹುದಾ?” ಬೇರು ನೇರ ಕೆಳಗೆ ಹೋಗುವುದರಿಂದ ಅಡಿಕೆಗೆ ಅಷ್ಟು ಪೈಪೋಟಿ ಇಲ್ಲ. ತೊಂದರೆ ನೆರಳಿನದು. ತೋಟದ ಒಳಗೆ ಸೊರಗುತ್ತದೆ. ಹೊರ ಅಂಚಿಗೆ, ಬಿಸಿಲು ಬೀಳುವ ಬದುವಿಗೆ ಹಾಕಿ.

“ನಮಗೆ ಬೇರು ಬೇಕು. ಏನು ಮಾಡೋಣ?” ಹಿತ್ತಿಲಿನಲ್ಲಿ ಬೆಳೆಸಿ. ದೊಡ್ಡ ಗೋಣಿಚೀಲಕ್ಕೆ ಮರಳು, ಗೊಬ್ಬರ ಸೇರಿಸಿದ ಸಡಿಲ ಮಣ್ಣು ತುಂಬಿ ಒಂದೆರಡು ಕವಲು ನೆಡಿ, ಬಿಸಿಲಲ್ಲಿ ಇಡಿ. ಒಂದೂವರೆ ವರ್ಷಕ್ಕೆ ಚೀಲ ಹರಿದರೆ ಇಡೀ ಬೇರು ಕೈಗೆ ಬರುತ್ತದೆ. ಗುದ್ದಲಿ ಬೇಡ, ನೆಲ ಅಗೆಯುವುದೂ ಬೇಡ.

“ಕವಲು ಎಲ್ಲಿಂದ ತರುವುದು?” ನೆಟ್ಟ ಸಾಲು ಇರುವವರ ಹತ್ತಿರ ಕೇಳಿ. ಮಳೆ ಹಿಡಿದ ಮೇಲೆ ಬುಡದ ಒಂದು ಬದಿಯಿಂದ ಎರಡು ಮೂರು ಕವಲು ಒಟ್ಟಿಗೆ ಒಡೆದುಕೊಳ್ಳಿ. ಎಲೆಯನ್ನು ಒಂದು ಗೇಣಿಗೆ ಕತ್ತರಿಸಿ, ಬೇರನ್ನು ನಾಲ್ಕು ಬೆರಳಿಗೆ. ದಂಡೆಗಾದರೆ ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ, 10ರಿಂದ 15 ಸೆಂಟಿಮೀಟರ್‌ಗೆ ಒಂದರಂತೆ ನೆಡಿ. ನಡುವೆ ಖಾಲಿ ಬಿಟ್ಟರೆ ನೀರು ಆ ಸಂದಿಯಲ್ಲೇ ನುಗ್ಗಿ ಕೊರೆಯುತ್ತದೆ. ಸತ್ತ ಬುಡದ ಜಾಗಕ್ಕೆ ಮೊದಲ ಮಳೆಗಾಲದಲ್ಲೇ ಹೊಸದು ತುಂಬಿ. ಮೊದಲ ವರ್ಷ ದನ ಒಳಗೆ ಬಿಡಬೇಡಿ.

ಈಗ ದಂಡೆಗೆ ಇಳಿಯೋಣ. ಈ ಬದಿಯಲ್ಲಿ ಕಾಸೆ, ಪಾರಾ, ಜೇಕು, ಲಾವಂಚ ನಾಲ್ಕೂ ಇವೆ. ಉಂಬಳ (ಜಿಗಣೆ) ಇದೆ, ಕಾಲಿಗೆ ಸುಣ್ಣ ಇಲ್ಲವೇ ಉಪ್ಪು ಹಚ್ಚಿಕೊಳ್ಳಿ. ಮಕ್ಕಳು ಕೋಲು ಹಿಡಿದ ದೊಡ್ಡವರ ಹಿಂದೆ ಬನ್ನಿ. ಯಾವುದು ಯಾವುದು ಅಂತ ಮೊದಲು ನೀವು ಹೇಳಿ. ನಾನು ಆಮೇಲೆ ಹೇಳುತ್ತೇನೆ.